ಹಳೇ ಕಿಟಕಿ ಕೀಳುವ ಮೊದಲು

ಹೋದ ಬೇಸಿಗೆಯಲ್ಲಿ ಜಯನಗರದ ನನ್ನ ಸೋದರಮಾವನ ಮನೆಯಲ್ಲಿ ಒಂದು ಫೋನು ಕಳುವಾಯಿತು. ಕಳ್ಳ ಮನೆಯೊಳಗೆ ಕಾಲಿಟ್ಟಿರಲೇ ಇಲ್ಲ. ಸೆಕೆ ಎಂದು ಕಿಟಕಿ ತೆರೆದು ಮಲಗಿದ್ದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಫೋನು ಚಾರ್ಜಿಗೆ ಹಾಕಿತ್ತು. ಬೆಳಗ್ಗೆ ಎದ್ದು ನೋಡಿದರೆ ಚಾರ್ಜರಿನ ವೈರು ಮಾತ್ರ ನೇತಾಡುತ್ತಿತ್ತು. ಕಿಟಕಿಯ ಕೆಳಗಿನ ಹೂವಿನ ಪಾತಿಯಲ್ಲಿ, ತುದಿಗೆ ತಂತಿಯ ಕೊಕ್ಕೆ ಕಟ್ಟಿದ ಒಂದು ಕೋಲು ಬಿದ್ದಿತ್ತು.

ಇದಾದ ಒಂದು ವಾರಕ್ಕೆ ಕಿಟಕಿ ಮಾರುವವರೊಬ್ಬರು ಬಂದು ಮನೆಯ ಹನ್ನೊಂದು ಕಿಟಕಿಗಳನ್ನೂ ಅಳೆದುಕೊಂಡು ಹೋದರು. ಹಳೇ ಮರದ ಕಿಟಕಿ ಅಷ್ಟನ್ನೂ ತೆಗೆದು ಯುಪಿವಿಸಿ ಸ್ಲೈಡಿಂಗ್ ಹಾಕಿಸಿಬಿಟ್ಟರೆ ಕಳ್ಳರ ಚಿಂತೆಯೇ ಇರುವುದಿಲ್ಲ ಎಂದರಂತೆ. ಅವರು ಕೊಟ್ಟ ಅಂದಾಜು ಪಟ್ಟಿ ನೋಡಿ ಮಾವನಿಗೆ ನಿದ್ದೆ ಹಾರಿತು. "ನೀನೇ ಬಂದು ಒಂದ್ಸಲ ನೋಡಪ್ಪ. ನಿಮ್ಮ ತಾತ ನಿಂತು ಕಟ್ಟಿಸಿದ ಮನೆ. ಕೀಳೋದೇನೋ ಅರ್ಧ ದಿನದ ಕೆಲಸ, ಆಮೇಲೆ ಬೇಕು ಅಂದ್ರೆ ವಾಪಸ್ ಇಡಕ್ಕಾಗಲ್ಲ" ಎಂದು ಫೋನು ಮಾಡಿದರು. ನಾನು ನಲವತ್ತು ವರ್ಷ ಮರಗೆಲಸ ಮಾಡಿದ ಆಚಾರ್ರೊಬ್ಬರನ್ನು ಕರೆದುಕೊಂಡು ಹೋದೆ. ಒಂದು ಭಾನುವಾರ ಪೂರ್ತಿ ಒಂದೊಂದೇ ಕಿಟಕಿಯ ಮುಂದೆ ನಿಂತೆವು. ಅಂದು ನೋಡಿದ್ದು, ಆಮೇಲೆ ಕೆಲಸ ಮಾಡಿಸುತ್ತಾ ಕಲಿತದ್ದು, ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಹಳೇ ಮನೆಯಿರುವ ಎಷ್ಟೋ ಜನ ಇದೇ ಪ್ರಶ್ನೆ ಹಿಡಿದುಕೊಂಡು ಕೂತಿರುತ್ತಾರೆ.

ಕಳ್ಳತನಕ್ಕೆ ನಮ್ಮ ಭಾಷೆಯಲ್ಲಿರುವ ಹಳೆಯ ಮಾತು 'ಕನ್ನ'. ಕನ್ನ ಎಂದರೆ ಗೋಡೆಗೆ ಕೊರೆದ ತೂತು. ಮಣ್ಣಿನ ಗೋಡೆಯ ಕಾಲದಲ್ಲಿ ಕಳ್ಳನಿಗೆ ಕಿಟಕಿಗಿಂತ ಗೋಡೆಯೇ ಸುಲಭವಾಗಿತ್ತು. ತೊಟ್ಟಿ ಮನೆಗಳಲ್ಲಿ ಗಾಳಿ ಬೆಳಕೆಲ್ಲ ಒಳಗಿನ ತೊಟ್ಟಿಯಿಂದಲೇ ಬರುತ್ತಿತ್ತು, ಹೊರಗೋಡೆಗೆ ಇರುತ್ತಿದ್ದುದು ನಾಲ್ಕಾರು ಸಣ್ಣ ಕಿಂಡಿ. ಈಗ ಗೋಡೆ ಇಟ್ಟಿಗೆ ಸಿಮೆಂಟಿನದಾಯಿತು, ಕಿಟಕಿ ದೊಡ್ಡದಾಯಿತು. ಪೊಲೀಸರ ದಾಖಲೆಯಲ್ಲಿ ಇವತ್ತಿಗೂ 'ರಾತ್ರಿ ಕನ್ನ ಕಳವು' ಎಂದೇ ಬರೆಯುತ್ತಾರೆ. ಆದರೆ ಗೋಡೆ ಕೊರೆಯುವ ಕಷ್ಟ ಈಗ ಯಾರಿಗೂ ಬೇಕಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 445ನೇ ಕಲಮಿನಲ್ಲಿ, ಕಿಟಕಿಯ ಮೂಲಕ ಮನೆ ಹೊಗುವುದನ್ನು ಕನ್ನದ ಅಪರಾಧಕ್ಕೆ ಉದಾಹರಣೆಯಾಗಿಯೇ ಕೊಟ್ಟಿದ್ದರು.

ಸರಳು ಎಲ್ಲಿ ಕೂತಿದೆ

ಆಚಾರ್ರು ಮೊದಲ ಕಿಟಕಿಯ ಮುಂದೆ ನಿಂತು ಬಾಗಿಲನ್ನೂ ಗಾಜನ್ನೂ ನೋಡಲೇ ಇಲ್ಲ. ಬಗ್ಗಿ, ಸರಳು ಚೌಕಟ್ಟನ್ನು ಸೇರುವ ಜಾಗಕ್ಕೆ ಟಾರ್ಚು ಬಿಟ್ಟರು. "ಇದು ಹಳೇ ಕೈಕೆಲಸ ಸ್ವಾಮಿ. ಸರಳು ಮರದೊಳಗೆ ಹೋಗಿದೆ, ಮೇಲೆ ಅಂಟಿಸಿದ್ದಲ್ಲ" ಎಂದರು. ಆ ಕಾಲದಲ್ಲಿ ಚೌಕಟ್ಟಿನ ಮೇಲಿನ ಪಟ್ಟಿಗೂ ಕೆಳಗಿನ ಪಟ್ಟಿಗೂ ತೂತು ಕೊರೆದು, ಚೌಕಟ್ಟು ಜೋಡಿಸುವಾಗಲೇ ಸರಳುಗಳನ್ನು ಒಳಗೆ ಇಳಿಸುತ್ತಿದ್ದರು. ನಡುವೆ ಅಡ್ಡಕ್ಕೆ ಒಂದೋ ಎರಡೋ ಕಬ್ಬಿಣದ ಪಟ್ಟಿ ಇರುತ್ತಿತ್ತು. ಸರಳು ಆ ಪಟ್ಟಿಯ ತೂತಿನಿಂದಲೂ ಹಾದುಹೋಗುತ್ತಿತ್ತು. ಇಂಥ ಸರಳನ್ನು ಬಿಚ್ಚುವಂತಿಲ್ಲ. ಒಂದೋ ಕತ್ತರಿಸಬೇಕು, ಇಲ್ಲವೇ ಚೌಕಟ್ಟನ್ನೇ ಒಡೆಯಬೇಕು.

ಆಮೇಲೆ ಬಂದದ್ದು ಗ್ರಿಲ್ಲು. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಬೇರೆಯಾಗಿ ವೆಲ್ಡ್ ಮಾಡಿ ತಂದು ಚೌಕಟ್ಟಿಗೆ ಸ್ಕ್ರೂ ಹೊಡೆದು ಕೂರಿಸುವಂಥದು. ನೋಡಲು ಚೆಂದ, ಬಣ್ಣ ಹೊಡೆಯುವುದೂ ಸುಲಭ. ಆದರೆ ಇಡೀ ಗ್ರಿಲ್ಲನ್ನು ಹಿಡಿದಿರುವುದು ಆರೋ ಎಂಟೋ ಸ್ಕ್ರೂ. ಆ ಸ್ಕ್ರೂ ಮುಕ್ಕಾಲು ಅಂಗುಲದ್ದಾಗಿದ್ದು, ತಲೆ ಹೊರಗಡೆಗಿದ್ದರೆ, ಗ್ರಿಲ್ಲು ಎಷ್ಟು ದಪ್ಪವಾಗಿದ್ದೂ ಪ್ರಯೋಜನವಿಲ್ಲ. ನಿಮ್ಮ ಮನೆಯ ಗ್ರಿಲ್ಲುಗಳನ್ನು ಇವತ್ತೇ ಹೊರಗಡೆಯಿಂದ ಒಂದು ಸುತ್ತು ನೋಡಿ ಬನ್ನಿ. ಸ್ಕ್ರೂ ತಲೆ ನಿಮಗೆ ಕಂಡರೆ ಇನ್ನೊಬ್ಬನಿಗೂ ಕಾಣುತ್ತದೆ.

ಇದಕ್ಕೆ ಪರಿಹಾರ ದುಬಾರಿಯಲ್ಲ. ಹಳೇ ಸ್ಕ್ರೂ ತೆಗೆದು ಎರಡು ಅಂಗುಲದ ಗಟ್ಟಿ ಸ್ಕ್ರೂಗಳನ್ನು ಒಳಗಡೆಯಿಂದ ಹಾಕಬೇಕು. ಹೊರಗಡೆಯಿಂದಲೇ ಹಾಕಬೇಕಾಗಿ ಬಂದರೆ ಬಿಗಿ ಮಾಡಿದ ಮೇಲೆ ತಲೆಯನ್ನು ಗ್ರಿಲ್ಲಿಗೇ ವೆಲ್ಡ್ ಮಾಡಿಸಬೇಕು. ಇದಕ್ಕಿಂತ ಒಳ್ಳೆಯದು ಕ್ಯಾರೇಜ್ ಬೋಲ್ಟ್. ಅದರ ತಲೆ ಗುಂಡಗೆ, ನುಣ್ಣಗೆ ಇರುತ್ತದೆ, ಸ್ಕ್ರೂಡ್ರೈವರಿಗೂ ಸ್ಪ್ಯಾನರಿಗೂ ಸಿಕ್ಕುವುದಿಲ್ಲ. ತಲೆ ಹೊರಗೆ, ನಟ್ಟು ಒಳಗೆ ಬರುವಂತೆ ಚೌಕಟ್ಟಿನಲ್ಲಿ ಆರಪಾರ ಕೂರಿಸುತ್ತಾರೆ. ಮಾವನ ಮನೆಯ ಮುಂಭಾಗದ ಎರಡು ಕಿಟಕಿಗಳಿಗೆ ಯಾವಾಗಲೋ ಹಳೇ ಸರಳು ತೆಗೆಸಿ ಹೂಬಳ್ಳಿಯ ಗ್ರಿಲ್ಲು ಹಾಕಿಸಿದ್ದರು. ಹತ್ತು ಸ್ಕ್ರೂಗಳಲ್ಲಿ ನಾಲ್ಕನ್ನು ಆಚಾರ್ರು ಬರಿಗೈಯಲ್ಲೇ ತಿರುಗಿಸಿ ತೆಗೆದು ಮಾವನ ಅಂಗೈಯಲ್ಲಿಟ್ಟರು. ಮಾವ ಮಾತಾಡಲಿಲ್ಲ. ಮನೆಗೆ ಅತಿ ಭದ್ರ ಎಂದು ಅವರು ನಂಬಿದ್ದ ಕಿಟಕಿಗಳು ಅವೇ ಆಗಿದ್ದವು.

ಇನ್ನು ಸರಳಿನ ದಪ್ಪ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ದುಡ್ಡು ಸೋರುವುದೂ ಮೋಸ ಹೋಗುವುದೂ ಇಲ್ಲೇ. ಕಳ್ಳ ಸರಳನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಬಗ್ಗಿಸಿ ಸಂದಿ ದೊಡ್ಡದು ಮಾಡಲು ನೋಡುತ್ತಾನೆ. ಕಬ್ಬಿಣ ಬಗ್ಗುವುದರಲ್ಲಿ ಒಂದು ಲೆಕ್ಕವಿದೆ. ಸರಳಿನ ದಪ್ಪವನ್ನು 8 ಮಿಲಿಮೀಟರಿನಿಂದ 12ಕ್ಕೆ ಏರಿಸಿದರೆ ತೂಕ ಎರಡೂಕಾಲು ಪಟ್ಟಾಗುತ್ತದೆ, ಬಿಗುಪು ಮಾತ್ರ ಐದು ಪಟ್ಟಾಗುತ್ತದೆ. ಉದ್ದದ್ದು ಇನ್ನೂ ದೊಡ್ಡ ಲೆಕ್ಕ. ನಾಲ್ಕು ಅಡಿ ಉದ್ದದ ಸರಳಿಗೆ ಸರಿಯಾಗಿ ಮಧ್ಯದಲ್ಲಿ ಒಂದು ಅಡ್ಡಪಟ್ಟಿ ಕೊಟ್ಟು ಎರಡೆರಡು ಅಡಿ ಮಾಡಿದರೆ, ಅದೇ ಬಲಕ್ಕೆ ಅದು ಬಗ್ಗುವುದು ಮೊದಲಿನ ಎಂಟನೇ ಒಂದು ಭಾಗದಷ್ಟು ಮಾತ್ರ. ಹಾಗಾಗಿ ತೆಳ್ಳಗಿನ ಉದ್ದನೆಯ ಸರಳುಗಳಿರುವ ಹಳೇ ಕಿಟಕಿಗೆ ಹೊಸ ಗ್ರಿಲ್ಲು ಬೇಕಾಗುವುದೇ ಕಡಿಮೆ. ಒಳಗಡೆಯಿಂದ ಒಂದೆರಡು ಅಡ್ಡಪಟ್ಟಿ ಇಟ್ಟು ಪ್ರತಿ ಸರಳಿಗೂ ವೆಲ್ಡ್ ಮಾಡಿಸಿದರೆ ಸಾಕು. ಮರಕ್ಕೆ ಕಿಡಿ ತಗಲದಂತೆ ಒದ್ದೆ ಗೋಣಿ ಹೊದಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟುಕೊಂಡು ಮಾಡುವ ಕೆಲಸ ಅದು.

ಸರಳು ಸರಳಿನ ನಡುವೆ ನಾಲ್ಕು ಅಂಗುಲಕ್ಕಿಂತ ಹೆಚ್ಚು ಸಂದಿ ಇರಬಾರದು. ಮಕ್ಕಳ ತಲೆ ತೂರದಿರಲಿಕ್ಕೂ ಇದೇ ಅಳತೆ.

ಹೊಸ ಗ್ರಿಲ್ಲು ಮಾಡಿಸುವುದೇ ಆದರೆ ತೂಕದ ಲೆಕ್ಕ ನಿಮಗೇ ಗೊತ್ತಿರಲಿ. ಗುಂಡು ಸರಳಿಗೆ, ದಪ್ಪದ ಮಿಲಿಮೀಟರನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. ಚೌಕ ಸರಳಾದರೆ 127ರಿಂದ ಭಾಗಿಸಬೇಕು. ನಾಲ್ಕಡಿಗೆ ನಾಲ್ಕಡಿ ಕಿಟಕಿಗೆ ನಾಲ್ಕು ಅಂಗುಲಕ್ಕೊಂದರಂತೆ ಹನ್ನೊಂದು ನಿಲುವು ಸರಳು ಬೇಕು. 12 ಮಿಲಿಮೀಟರಿನ ಚೌಕ ಸರಳಾದರೆ ಸುಮಾರು 15 ಕಿಲೋ, 8 ಮಿಲಿಮೀಟರಿನದಾದರೆ ಆರೂಮುಕ್ಕಾಲು ಕಿಲೋ ತೂಗುತ್ತದೆ. ಹೊರಗಿನ ಸುತ್ತುಪಟ್ಟಿ, ಅಡ್ಡಪಟ್ಟಿ ಬೇರೆ. ಚದರಡಿಗೆ ಇಷ್ಟು ಎಂದು ದರ ಹೇಳುವವರಿಗೆ ಸರಳು ತೆಳ್ಳಗಾದಷ್ಟೂ ಲಾಭ. ಕಿಲೋಗೆ ಇಷ್ಟು ಎನ್ನುವವರಿಗೆ ಬೇಡದ ಹೂಬಳ್ಳಿ ಸೇರಿದಷ್ಟೂ ಲಾಭ. ಸರಳಿನ ದಪ್ಪ, ನಡುವಿನ ಸಂದಿ, ಅಡ್ಡಪಟ್ಟಿಗಳ ಸಂಖ್ಯೆ, ಈ ಮೂರನ್ನೂ ಚೀಟಿಯಲ್ಲಿ ಬರೆಸಿಕೊಂಡೇ ಮುಂಗಡ ಕೊಡಿ. ಟೊಳ್ಳು ಬಾಕ್ಸ್ ಪೈಪಿನ ಗ್ರಿಲ್ಲು ದಪ್ಪಗೆ ಕಾಣುತ್ತದೆ, ಆದರೆ ತೆಳು ತಗಡಿನ ಗೋಡೆಯಾದ್ದರಿಂದ ಗರಗಸಕ್ಕೆ ಬೇಗ ಸೋಲುತ್ತದೆ. ನೆಲಮಹಡಿಯ ಕಿಟಕಿಗೆ ನಾನು ಗಟ್ಟಿ ಸರಳನ್ನೇ ಹೇಳುತ್ತೇನೆ.

ಯಾವ ಗ್ರಿಲ್ಲೂ ಕತ್ತರಿಸಲಾಗದ್ದಲ್ಲ. ಕತ್ತರಿಸಲು ಹೊತ್ತು ಬೇಕು, ಸದ್ದಾಗುತ್ತದೆ. ನಾವು ದುಡ್ಡು ಕೊಟ್ಟು ಕೊಳ್ಳುವುದು ಆ ಹೊತ್ತನ್ನು, ಆ ಸದ್ದನ್ನು.

ಕೈಗೆ ಎಟಕುವ ದೂರ

ಫೋನು ಹೋದ ಕಿಟಕಿಗೆ ಬಂದೆವು. ಸರಳು ಗಟ್ಟಿಯಾಗಿತ್ತು, ಚೌಕಟ್ಟು ಗಟ್ಟಿಯಾಗಿತ್ತು. ಇಲ್ಲದಿದ್ದುದು ಜಾಲರಿ. ಬೇಸಿಗೆಯ ರಾತ್ರಿ ಕಿಟಕಿ ಮುಚ್ಚಿಕೊಂಡು ಮಲಗಿ ಎಂದು ಯಾರಿಗೂ ಹೇಳಲಾಗುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನ ಸೊಳ್ಳೆ ಜಾಲರಿಯನ್ನು ಮರದ ರೀಪಿನ ಫ್ರೇಮಿಗೆ ಬಿಗಿದು, ಸರಳಿನ ಒಳಗಡೆಗೆ ಸ್ಕ್ರೂ ಹಾಕಿ ಕೂರಿಸಿದರೆ ಕೋಲು ಕೊಕ್ಕೆಗಳ ಆಟ ಮುಗಿಯಿತು, ಸೊಳ್ಳೆಯೂ ಹೋಯಿತು. ನೈಲಾನ್ ಜಾಲರಿ ಬ್ಲೇಡಿಗೆ ಸದ್ದಿಲ್ಲದೆ ಸೀಳುತ್ತದೆ. ಅಂಟುಪಟ್ಟಿಯಲ್ಲಿ ನಿಲ್ಲಿಸುವ ಜಾಲರಿ ಸೊಳ್ಳೆಗಷ್ಟೇ ತಡೆ. ಮಾವನ ಮನೆಯಲ್ಲಿ ನಡೆದ ಕಳವಿಗೆ ಸರಿಯಾದ ಮದ್ದು ಇಷ್ಟೇ ಆಗಿತ್ತು, ಮಾರಾಟದವರು ಹೇಳಿದ್ದು ಹನ್ನೊಂದು ಕಿಟಕಿ.

ಇದಕ್ಕಿಂತ ಅಪಾಯದ ಜಾಗ ಬೇರೆ ಇತ್ತು. ಹಿತ್ತಿಲ ಬಾಗಿಲಿನ ಪಕ್ಕದಲ್ಲೇ ಒಂದು ಕಿಟಕಿ. ಅದರ ಸರಳಿನ ಸಂದಿಯಲ್ಲಿ ಕೈ ತೂರಿಸಿದರೆ ಬಾಗಿಲಿನ ಒಳಚಿಲಕ ಸಿಗುತ್ತಿತ್ತು. ನಾನೇ ಹೊರಗೆ ನಿಂತು ತೆಗೆದು ತೋರಿಸಿದೆ. ಎರಡು ಮೂರು ಸೆಕೆಂಡಿನ ಕೆಲಸ. ಬಾಗಿಲ ಪಕ್ಕ ಕಿಟಕಿ ಇಡುವುದು ನಮ್ಮಲ್ಲಿ ಬಹಳ ರೂಢಿ, ಯಾರು ಬಂದರೆಂದು ನೋಡಲು ಅನುಕೂಲ. ಕಿಟಕಿಯ ಅಂಚಿನಿಂದ ಮೂರು ಅಡಿಯೊಳಗೆ ಬಾಗಿಲ ಚಿಲಕ ಇದ್ದರೆ ಆ ಕಿಟಕಿಗೆ ಮೊದಲು ಗಟ್ಟಿ ಜಾಲರಿ ಹಾಕಿಸಿ, ಇಲ್ಲವೇ ಬಾಗಿಲ ಆಚೆ ಬದಿಯಲ್ಲಿ, ತೀರಾ ಮೇಲೋ ತೀರಾ ಕೆಳಗೋ ಇನ್ನೊಂದು ಟವರ್ ಬೋಲ್ಟ್ ಹೊಡೆಸಿ.

ಬಚ್ಚಲುಮನೆಯ ವೆಂಟಿಲೇಟರನ್ನು ಎಲ್ಲರೂ ಮರೆಯುತ್ತಾರೆ. ಗಾಜಿನ ಪಟ್ಟಿಗಳನ್ನು ಒಂದರ ಮೇಲೊಂದು ಓರೆಯಾಗಿ ಸಿಕ್ಕಿಸಿದ ಲೂವರ್ ಇರುತ್ತದಲ್ಲ, ಆ ಪಟ್ಟಿಗಳು ಹೊರಗಡೆಯಿಂದಲೇ ಒಂದೊಂದಾಗಿ ಜಾರಿ ಬರುತ್ತವೆ. ಕೆಳಗೆ ಸಜ್ಜ, ಪಕ್ಕದಲ್ಲಿ ಪೈಪು ಇದ್ದರೆ ಮೊದಲ ಮಹಡಿಯ ಬಚ್ಚಲೂ ನೆಲಮಹಡಿಯಷ್ಟೇ ಹತ್ತಿರ. ಎಕ್ಸಾಸ್ಟ್ ಫ್ಯಾನಿನ ತೂತು, ಹಳೇ ಕಿಟಕಿ ಎಸಿ ತೆಗೆದ ಮೇಲೆ ಹಲಗೆ ಮುಚ್ಚಿದ ಜಾಗ, ಇವನ್ನೂ ಈ ಪಟ್ಟಿಗೇ ಸೇರಿಸಿ. ಒಳಗಡೆ ಮೂರು ಸರಳಿನ ಒಂದು ಸಣ್ಣ ಚೌಕಟ್ಟು ಗೋಡೆಗೆ ಕೂರಿಸಿದರೆ ಆಯಿತು.

ಹೊರಕ್ಕೆ ತೆರೆಯುವ ಕಿಟಕಿಗೆ ಕೀಲುಗಳು ಹೊರಗಿರುತ್ತವೆ. ಕೀಲಿನ ಮಧ್ಯದ ಕಡ್ಡಿಯನ್ನು ಹೊಡೆದು ಎತ್ತಿದರೆ ಚಿಲಕ ಹಾಕಿದ್ದ ಬಾಗಿಲೂ ಆ ಕಡೆಯಿಂದ ಬಿಚ್ಚಿಕೊಳ್ಳುತ್ತದೆ. ಒಳಗೆ ಸರಳಿದ್ದರೆ ಇದು ಅಷ್ಟು ದೊಡ್ಡ ಚಿಂತೆಯಲ್ಲ. ಸರಳಿಲ್ಲದ ಕಡೆ, ಕಡ್ಡಿ ಕೀಳಲು ಬಾರದ ಕೀಲು ಹಾಕಿಸಬೇಕು.

ಸ್ಲೈಡಿಂಗ್ ಕಿಟಕಿಯ ಸಂಗತಿ

ಈಗ ಮಾರಾಟದವರ ಮಾತಿಗೆ ಬರುತ್ತೇನೆ. ಅವರ ಪಟ್ಟಿಯನ್ನು ಓದುತ್ತಾ ಹೋದಾಗ ಒಂದು ವಿಷಯ ಎದ್ದು ಕಂಡಿತು. ಅದರಲ್ಲಿ ಗ್ರಿಲ್ಲಿನ ಲೆಕ್ಕವೇ ಇರಲಿಲ್ಲ. ಹಳೇ ಕಿಟಕಿಯಲ್ಲಿ ಸರಳು ಚೌಕಟ್ಟಿನ ಅಂಗ. ಚೌಕಟ್ಟು ಕಿತ್ತರೆ ಸರಳೂ ಹೋಗುತ್ತದೆ. ಯುಪಿವಿಸಿ ಕಿಟಕಿಗೆ ತನ್ನದೇ ಸರಳಿಲ್ಲ. ಅದರ ಹಿಂದೆ ಗೋಡೆಗೆ ಬೇರೆ ಗ್ರಿಲ್ಲು ಕೂರಿಸಬೇಕು, ಅದರ ಖರ್ಚು ಬೇರೆ. ಹೆಚ್ಚಿನ ಭದ್ರತೆಗೆಂದು ಕಿಟಕಿ ಬದಲಾಯಿಸಿ, ಇದ್ದ ಭದ್ರತೆಯನ್ನೇ ಕಳೆದುಕೊಳ್ಳುವುದು ಹೀಗೆ.

ಗೋಡೆಗೆ ಗ್ರಿಲ್ಲು ಕೂರಿಸುವುದರಲ್ಲೂ ಎಚ್ಚರ ಬೇಕು. ಹಳೇ ಮನೆಯ ಇಟ್ಟಿಗೆಗೆ ಹಿಗ್ಗುವ ಬೋಲ್ಟನ್ನು ಅಂಚಿಗೆ ಹತ್ತಿರ ಹೊಡೆದರೆ ಇಟ್ಟಿಗೆಯೇ ಸೀಳುತ್ತದೆ. ಹೊಸ ಮನೆಗಳ ಟೊಳ್ಳು ಬ್ಲಾಕಿನಲ್ಲಿ ಆ ಬೋಲ್ಟಿಗೆ ಹಿಡಿತವೇ ಸಿಗುವುದಿಲ್ಲ. ಗ್ರಿಲ್ಲಿಗೆ ಕಾಲುಗಳನ್ನು ವೆಲ್ಡ್ ಮಾಡಿಸಿ, ಗೋಡೆ ಕೊರೆದು, ಕಾಂಕ್ರೀಟಿನಲ್ಲಿ ಹೂಳಿ, ಎರಡು ಮೂರು ದಿನ ಅಲುಗಾಡಿಸದೆ ನೀರು ಹಾಕಿ ಬಿಡುವ ಹಳೇ ಕ್ರಮವೇ ಇಲ್ಲಿ ಮೇಲು. ಗಲೀಜಾಗುತ್ತದೆ, ಗಾರೆ ಕೆಲಸದವರು ಮತ್ತೆ ಬರಬೇಕಾಗುತ್ತದೆ, ಆದರೂ ಅದನ್ನೇ ಮಾಡಿಸಿ.

ನಿಮ್ಮ ಮನೆಯಲ್ಲಿ ಈಗಾಗಲೇ ಅಲ್ಯೂಮಿನಿಯಂ ಅಥವಾ ಯುಪಿವಿಸಿ ಸ್ಲೈಡಿಂಗ್ ಇದ್ದರೆ ಒಂದು ಪರೀಕ್ಷೆ ಮಾಡಿ. ಮುಚ್ಚಿದ ಬಾಗಿಲನ್ನು ಎರಡು ಕೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ. ಸ್ಲೈಡಿಂಗ್ ಬಾಗಿಲನ್ನು ಕೂರಿಸುವುದೇ ಮೇಲಿನ ಟ್ರ್ಯಾಕಿಗೆ ಎತ್ತಿ ಕೆಳಗಿನ ಟ್ರ್ಯಾಕಿಗೆ ಇಳಿಸಿ, ಆದ್ದರಿಂದ ತೆಗೆಯುವುದೂ ಹಾಗೆಯೇ. ಎತ್ತಿದಾಗ ಕೆಳಗಿನ ಗಾಲಿ ಟ್ರ್ಯಾಕಿನಿಂದ ಹೊರಬಂದರೆ ಚಿಲಕಕ್ಕೆ ಬೆಲೆಯಿಲ್ಲ. ಮೇಲಿನ ಟ್ರ್ಯಾಕಿನ ಖಾಲಿ ಜಾಗಕ್ಕೆ ಎತ್ತುತಡೆಯ ತುಂಡೊಂದನ್ನು ಸಿಕ್ಕಿಸುತ್ತಾರೆ. ಸಿಗದಿದ್ದರೆ ಆ ಟ್ರ್ಯಾಕಿಗೆ, ಬಾಗಿಲು ಸರಿದಾಡಲು ಬೇಕಾದಷ್ಟೇ ಸಂದಿ ಬಿಟ್ಟು, ಎರಡು ಸ್ಕ್ರೂ ಇಳಿಸಿದರೂ ಕೆಲಸವಾಗುತ್ತದೆ. ಕೆಳಗಿನ ಟ್ರ್ಯಾಕಿನಲ್ಲಿ ಅಳತೆಗೆ ಕತ್ತರಿಸಿದ ಒಂದು ಕೋಲು ಅಡ್ಡ ಮಲಗಿಸಿದರೆ ಬಾಗಿಲು ಸರಿಯುವುದಿಲ್ಲ. ಪೊರಕೆಯ ಕೋಲಾದರೂ ಆದೀತು.

ಹೊಸದಾಗಿ ಯುಪಿವಿಸಿ ಕೊಳ್ಳುವವರು ಮೂರು ಪ್ರಶ್ನೆ ಕೇಳಲೇಬೇಕು. ಪ್ರೊಫೈಲಿನ ಒಳಗೆ ಜಿಂಕು ಲೇಪಿಸಿದ ಉಕ್ಕಿನ ಪಟ್ಟಿ ಇದೆಯೇ? ಪ್ಲಾಸ್ಟಿಕ್ಕಿಗೆ ಬೆನ್ನೆಲುಬು ಅದು. ಅಂಗಡಿಯಲ್ಲಿ ಕತ್ತರಿಸಿದ ತುಂಡನ್ನು ತೋರಿಸಲು ಹೇಳಿ. ಗಾಜನ್ನು ಹಿಡಿದಿರುವ ಬೀಡಿಂಗ್ ಒಳಗಡೆ ಬರುತ್ತದೆಯೇ? ಹೊರಗಿದ್ದರೆ ಅದನ್ನು ಎಬ್ಬಿಸಿ ಗಾಜನ್ನು ಇಡಿಯಾಗಿ ತೆಗೆಯಬಹುದು. ಚೌಕಟ್ಟನ್ನು ಗೋಡೆಗೆ ಉದ್ದನೆಯ ಆಂಕರ್ ಸ್ಕ್ರೂಗಳಲ್ಲಿ ಬಿಗಿಯುತ್ತಾರೋ, ಬರೀ ನೊರೆ ತುಂಬಿ ಸಿಲಿಕೋನ್ ಬಳಿಯುತ್ತಾರೋ? ಇದಕ್ಕೆ ಉತ್ತರವನ್ನು ಬಾಯಿಮಾತಿನಲ್ಲಿ ತೆಗೆದುಕೊಳ್ಳದೆ, ಕೂರಿಸುವ ದಿನ ಪಕ್ಕದಲ್ಲೇ ನಿಂತು ನೋಡಬೇಕು.

ಗಾಜಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಟಫನ್ಡ್ ಗಾಜು ಸಾಧಾರಣ ಗಾಜಿಗಿಂತ ನಾಲ್ಕೈದು ಪಟ್ಟು ಬಲ, ನಿಜ. ಆದರೆ ಚೂಪಾದ ಒಂದು ಪೆಟ್ಟು ಬಿದ್ದು ಒಡೆಯಿತೆಂದರೆ ಇಡೀ ಹಾಳೆ ಕಲ್ಲುಸಕ್ಕರೆಯಂತೆ ಪುಡಿಯಾಗಿ ಉದುರಿ, ದಾರಿ ಪೂರ್ತಿ ತೆರೆದುಕೊಳ್ಳುತ್ತದೆ. ಅದರ ಗುಣ, ಮನೆಯವರಿಗೆ ಗಾಯವಾಗದಿರುವುದು. ಕಳ್ಳನಿಗೆ ತಡೆ ಬೇಕಿದ್ದರೆ ಲ್ಯಾಮಿನೇಟೆಡ್ ಗಾಜು. ಎರಡು ಹಾಳೆಗಳ ನಡುವೆ ತೆಳುವಾದ ಪಿವಿಬಿ ಪದರ ಇರುತ್ತದೆ. ಒಡೆದರೂ ಜೇಡರಬಲೆಯಂತೆ ಬಿರುಕು ಬಿಟ್ಟು ಅಲ್ಲೇ ನಿಲ್ಲುತ್ತದೆ. ಅಪಘಾತವಾದ ಕಾರನ್ನು ನೋಡಿದ್ದರೆ ಎರಡನ್ನೂ ಕಂಡಿರುತ್ತೀರಿ. ಮುಂದಿನ ಗಾಜು ಬಿರುಕಾಗಿ ನಿಂತಿರುತ್ತದೆ, ಪಕ್ಕದ ಗಾಜು ರಸ್ತೆಯ ಮೇಲೆ ಪುಡಿಯಾಗಿ ಬಿದ್ದಿರುತ್ತದೆ.

ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಗೆ ಈಗ ಕಾಣದ ಗ್ರಿಲ್ಲು ಎಂದು ಉಕ್ಕಿನ ಹುರಿ ಎಳೆದು ಕೊಡುತ್ತಾರೆ. ಮಕ್ಕಳು ಬೀಳದಂತೆ, ಪಾರಿವಾಳ ಬರದಂತೆ ತಡೆಯಲು ಅದು ಒಳ್ಳೆಯದೇ. ಕಟರಿಗೆ ಸಿಕ್ಕರೆ ಹುರಿ ತುಂಡಾಗುತ್ತದೆ. ನೆಲಮಹಡಿಗೆ ಅದನ್ನು ನಂಬಬೇಡಿ.

ಉಳಿಸುವುದೋ, ತೆಗೆಯುವುದೋ

ಇದನ್ನು ತೀರ್ಮಾನಿಸಲು ಆಚಾರ್ರ ಕೈಯಲ್ಲಿದ್ದುದು ಒಂದು ಸ್ಕ್ರೂಡ್ರೈವರು, ಒಂದು ಟೇಪು. ಮೊದಲು ಚೌಕಟ್ಟಿನ ಕೆಳಪಟ್ಟಿಯನ್ನು, ಮೂಲೆಗಳನ್ನು ಸ್ಕ್ರೂಡ್ರೈವರಿನಿಂದ ಒತ್ತಿದರು. ಮಳೆ ನೀರು ಇಳಿದು ನಿಲ್ಲುವುದು ಅಲ್ಲೇ, ಮರ ಕೊಳೆಯುವುದೂ ಅಲ್ಲಿಂದಲೇ. ಗಟ್ಟಿ ಮರದಲ್ಲಿ ಮೊನೆ ಗೀರು ಹಾಕಿ ನಿಲ್ಲುತ್ತದೆ, ಕೊಳೆತದ್ದರಲ್ಲಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಬಣ್ಣ ಮಾತ್ರ ಎರಡರ ಮೇಲೂ ಒಂದೇ ಥರ ಹೊಳೆಯುತ್ತಿರುತ್ತದೆ. ಆಮೇಲೆ ಉದ್ದಕ್ಕೂ ತಟ್ಟುತ್ತಾ ಹೋದರು. ಗೆದ್ದಲು ತಿಂದ ಕಡೆ ಸದ್ದು ಟೊಳ್ಳಾಗಿ ಬರುತ್ತದೆ. ಟೇಪಿನಲ್ಲಿ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆದರು. ಎರಡೂ ಸಮವಾಗಿದ್ದರೆ ಚೌಕಟ್ಟು ನೆಟ್ಟಗಿದೆ. ಅರ್ಧ ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅದು ವಾಲಿದೆ, ಬಾಗಿಲು ಎಷ್ಟು ಉಜ್ಜಿದರೂ ಸರಿಯಾಗಿ ಕೂರುವುದಿಲ್ಲ.

ಕೊನೆಯದು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಚೌಕಟ್ಟಿಗೆ ಹೆಗಲು ಕೊಟ್ಟು ತಳ್ಳಿದರು. ಗಾರೆಗೂ ಮರಕ್ಕೂ ನಡುವೆ ಸಂದಿ ಬಾಯಿ ಬಿಟ್ಟರೆ ಹೋಲ್ಡ್‌ಫಾಸ್ಟ್ ಹೋಗಿದೆ ಎಂದರ್ಥ. ಹೋಲ್ಡ್‌ಫಾಸ್ಟ್ ಎಂದರೆ ಒಂದು ತುದಿ ಚೌಕಟ್ಟಿಗೆ ಸ್ಕ್ರೂ ಆಗಿ, ಇನ್ನೊಂದು ತುದಿ ಸೀಳಿ ಗೋಡೆಯ ಕಾಂಕ್ರೀಟಿನಲ್ಲಿ ಹೂತಿರುವ ಕಬ್ಬಿಣದ ಪಟ್ಟಿ. ಕಿಟಕಿ ಗೋಡೆಯಲ್ಲಿ ನಿಂತಿರುವುದೇ ಅದರಿಂದ. ಥಂಡಿ ಗೋಡೆಯಲ್ಲಿ ಹತ್ತಾರು ವರ್ಷಕ್ಕೆ ಅದು ತುಕ್ಕು ಹಿಡಿದು ಉದುರುತ್ತದೆ. ಒಂದೆರಡು ಹೋಗಿದ್ದರೆ ಆ ಜಾಗದ ಗಾರೆ ಬಿಡಿಸಿ ಹೊಸದು ಹೂಳಬಹುದು. ನಾಲ್ಕೂ ಹೋಗಿ, ಮರವೂ ಕೊಳೆತಿದ್ದರೆ ಆ ಕಿಟಕಿಯ ಆಯುಸ್ಸು ಮುಗಿಯಿತು.

ಕೆಳಪಟ್ಟಿ ಮಾತ್ರ ಕೊಳೆತಿದ್ದರೆ ಇಡೀ ಕಿಟಕಿ ಕೀಳಬೇಕಾಗಿಲ್ಲ. ಕೊಳೆತಷ್ಟನ್ನು ಓರೆಯಾಗಿ ಕತ್ತರಿಸಿ ತೆಗೆದು, ಅದೇ ಜಾತಿಯ ಹಳೇ ಮರದ ತುಂಡನ್ನು ಅಂಟು, ಸ್ಕ್ರೂ ಹಾಕಿ ಬೆಸೆಯುತ್ತಾರೆ. ಹಳೇ ಮರದಂಗಡಿಗಳಲ್ಲಿ ಒಡೆದ ಮನೆಗಳ ತೇಗ, ಹೊನ್ನೆ, ಮತ್ತಿ ಸಿಗುತ್ತದೆ. ಕಾಡಿನಲ್ಲಿ ನಿಧಾನವಾಗಿ ಬೆಳೆದ ಮರದ ಒತ್ತುಗಟ್ಟು ಬೇಗ ಬೆಳೆಸಿ ಬೇಗ ಕಡಿದ ತೋಟದ ಮರದಲ್ಲಿ ಇರುವುದಿಲ್ಲ. ಆ ಕಾರಣಕ್ಕೇ ಐವತ್ತು ವರ್ಷದ ಗಟ್ಟಿ ಚೌಕಟ್ಟನ್ನು ಕಿತ್ತು ಗುಜರಿಗೆ ಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಂಥ ಮರವನ್ನು ಅದೇ ದುಡ್ಡಿಗೆ ಮತ್ತೆ ತರಲು ಆಗುವುದಿಲ್ಲ.

ಕರಾವಳಿಯಲ್ಲಿ ಲೆಕ್ಕ ಬೇರೆ. ಉಡುಪಿ, ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಸರಳು ಮರದೊಳಗೆ ಹೊಕ್ಕ ಜಾಗದಲ್ಲೇ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಮರವನ್ನು ಸೀಳುತ್ತದೆ. ಹೊರಗೆ ಹೆಬ್ಬೆರಳಿನಷ್ಟು ಕಾಣುವ ಸರಳು ಒಳಗೆ ಕಡ್ಡಿಯಷ್ಟಾಗಿರಬಹುದು. ಅಲ್ಲಿ ಬದಲಾಯಿಸುವುದಾದರೆ ಸ್ಟೇನ್‌ಲೆಸ್ ಸ್ಟೀಲಿನ ದರ್ಜೆ ಕೇಳಿ. ಸಮುದ್ರದ ಹತ್ತಿರಕ್ಕೆ 316, ಒಳನಾಡಿಗೆ 304 ಸರಿ. ಅಗ್ಗಕ್ಕೆ ಸಿಗುವ 202 ಉಪ್ಪುಗಾಳಿಗೆ ಕಲೆಗಟ್ಟುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷಿಸಿ ಎನ್ನುವವರ ಮಾತು ನಂಬಬೇಡಿ. 202 ಕೂಡ 304ರಂತೆಯೇ ಅಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳುವುದೇ ದಾರಿ.

ಗಾಳಿಯನ್ನೂ ಮರೆಯಬಾರದು. ಎರಡು ಬಾಗಿಲಿನ ಸ್ಲೈಡಿಂಗ್ ಎಷ್ಟು ತೆರೆದರೂ ಅರ್ಧವೇ ತೆರೆಯುತ್ತದೆ, ಹಳೇ ಬಾಗಿಲ ಕಿಟಕಿ ಪೂರ್ತಿ ತೆರೆಯುತ್ತದೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಕೋಣೆಯ ಕಿಟಕಿಗಳ ತೆರೆಯುವ ಭಾಗ, ಒಣ ಬಿಸಿಲ ಸೀಮೆಯಲ್ಲಿ ನೆಲದ ಅಳತೆಯ ಹತ್ತನೇ ಒಂದು ಪಾಲಾದರೂ, ಸೆಕೆಯ ತೇವದ ಸೀಮೆಯಲ್ಲಿ ಆರನೇ ಒಂದು ಪಾಲಾದರೂ ಇರಬೇಕು. ಹತ್ತಡಿ ಹನ್ನೆರಡಡಿ ಕೋಣೆಗೆ ನಾಲ್ಕಡಿ ನಾಲ್ಕಡಿಯ ಒಂದೇ ಕಿಟಕಿ ಇದ್ದು, ಅದನ್ನು ಸ್ಲೈಡಿಂಗ್ ಮಾಡಿದರೆ ಉಳಿಯುವುದು ಎಂಟು ಚದರಡಿ. ಕಲಬುರಗಿ, ರಾಯಚೂರಿನ ಲೆಕ್ಕಕ್ಕೆ ಬೇಕಾದದ್ದು ಹನ್ನೆರಡು, ಮಂಗಳೂರಿನ ಲೆಕ್ಕಕ್ಕೆ ಇಪ್ಪತ್ತು. ರಸ್ತೆಯ ಸದ್ದು, ದೂಳು ತಡೆಯಲಾರದೆ ಬದಲಾಯಿಸುವವರಿಗೆ ಯುಪಿವಿಸಿ ನಿಜವಾಗಿಯೂ ಉಪಕಾರ ಮಾಡುತ್ತದೆ. ಅಂಥವರು ಸ್ಲೈಡಿಂಗ್ ಬಿಟ್ಟು ಬಾಗಿಲಂತೆ ತೆರೆಯುವ ಮಾದರಿ ಕೇಳಲಿ. ಅದರ ರಬ್ಬರು ಬಿಗಿಯಾಗಿ ಕೂರುತ್ತದೆ, ಗಾಳಿಯೂ ಪೂರ್ತಿ ಬರುತ್ತದೆ.

ಮಾವನ ಮನೆಯ ಲೆಕ್ಕ ಹೀಗೆ ಬಂತು. ಏಳು ಕಿಟಕಿಗಳಿಗೆ ಸ್ಕ್ರೂ, ಚಿಲಕ, ಅಡ್ಡಪಟ್ಟಿ, ಜಾಲರಿಯ ಕೆಲಸ ಸಾಕು. ಎರಡಕ್ಕೆ ಕೆಳಪಟ್ಟಿ ಬೆಸೆಯಬೇಕು. ಬಚ್ಚಲಿನ ಲೂವರ್ ತೆಗೆದು ಸರಳು ಕೂರಿಸಬೇಕು. ಪಶ್ಚಿಮಕ್ಕಿರುವ ಉಗ್ರಾಣದ ಕಿಟಕಿಯೊಂದು ಮಾತ್ರ, ಸಜ್ಜ ಸೋರಿ ಸೋರಿ, ತಳ್ಳಿದರೆ ಕೈಗೇ ಬರುವಂತಾಗಿತ್ತು. ಅದನ್ನು ಕಿತ್ತು, ಮೊದಲು ಸಜ್ಜದ ಸೋರಿಕೆ ನಿಲ್ಲಿಸಿ, ಆಮೇಲೆ ಹೊಸದು ಹಾಕಿಸಿದೆವು. ಸೋರಿಕೆ ಹಾಗೇ ಬಿಟ್ಟು ಕಿಟಕಿ ಬದಲಾಯಿಸಿದ್ದರೆ ಹೊಸದಕ್ಕೂ ಅದೇ ಗತಿಯಾಗುತ್ತಿತ್ತು.

ಒಳಗಿನಿಂದ ತೆರೆಯುವ ಒಂದು ಕಿಟಕಿ

ಒಂದು ಕೆಲಸವನ್ನು ಮಾತ್ರ ನಾನು ಹಟ ಹಿಡಿದು ಮಾಡಿಸಿದೆ. 2019ರ ಡಿಸೆಂಬರ್ 8ರ ಬೆಳಗಿನ ಜಾವ ದೆಹಲಿಯ ಅನಾಜ್ ಮಂಡಿಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು, ಒಳಗೆ ಮಲಗಿದ್ದ 43 ಜನ ಸತ್ತರು. ಹೆಚ್ಚಿನವರು ಸತ್ತದ್ದು ಹೊಗೆಯಲ್ಲಿ ಉಸಿರುಕಟ್ಟಿ. ಅಗ್ನಿಶಾಮಕದವರು ಕಿಟಕಿಯ ಗ್ರಿಲ್ಲು ಕತ್ತರಿಸಿ ಒಳಗೆ ಹೋಗಬೇಕಾಯಿತು. ಹೊರಗಿನವನು ಒಳಗೆ ಬರಬಾರದೆಂದು ಹಾಕಿದ ಸರಳು ಒಳಗಿನವರನ್ನೂ ಹೊರಗೆ ಬಿಡುವುದಿಲ್ಲ. ಪ್ರತಿ ಮಲಗುವ ಕೋಣೆಗೂ, ಆಗದಿದ್ದರೆ ಬಾಗಿಲಿನಿಂದ ದೂರವಿರುವ ಒಂದು ಕೋಣೆಗಾದರೂ, ಎರಡಡಿ ಅಗಲ ಎರಡಡಿ ಎತ್ತರದ ಭಾಗ ಬಾಗಿಲಂತೆ ತೆರೆದುಕೊಳ್ಳುವ ಗ್ರಿಲ್ಲು ಇರಲೇಬೇಕು. ಕೀಲು ವೆಲ್ಡ್ ಆಗಿರಲಿ, ಬೀಗ ಒಳಗಡೆ ಇರಲಿ, ಹೊರಗಿನ ಕೈ ಬೀಗಕ್ಕೆ ಎಟಕದಂತೆ ಸುತ್ತ ಒಂದು ತಗಡಿನ ಗೂಡು ಇರಲಿ.

ಮಾವನೂ ಅತ್ತೆಯೂ ಮಲಗುವ ಹಿಂದಿನ ಕೋಣೆಯ ಕಿಟಕಿಗೆ ಅಂಥದ್ದೊಂದು ಮಾಡಿಸಿದೆವು. ಬಣ್ಣ ಒಣಗಿದ ಮೇಲೆ ಒಂದು ರಾತ್ರಿ ದೀಪ ಆರಿಸಿ, "ಅತ್ತೆ, ಈಗ ಅದನ್ನ ತೆಗೀರಿ" ಎಂದೆ. ಆಗಲಿಲ್ಲ. ಕೀಲಿ ಬೀರುವಿನೊಳಗಿತ್ತು. ಅದನ್ನು ತಡಕಾಡಿ ತಂದರೆ ಬೀಗದ ಬಾಯಿಗೆ ಬಣ್ಣ ಕೂತಿತ್ತು, ತಿರುಗಲೇ ಇಲ್ಲ. ಮಾರನೇ ದಿನ ಬೀಗ ಬದಲಾಯಿಸಿ ಎಣ್ಣೆ ಬಿಟ್ಟೆವು. ಕೀಲಿಗೆ ಜಾಗ ಹುಡುಕಿದ್ದು ಆಚಾರ್ರು. ಕಿಟಕಿ ಇರುವ ಗೋಡೆಯಲ್ಲೇ, ಅಂಚಿನಿಂದ ನಾಲ್ಕಡಿ ಪಕ್ಕಕ್ಕೆ ಒಂದು ಮೊಳೆ ಹೊಡೆದರು. ಎದುರು ಗೋಡೆಯಲ್ಲಿದ್ದರೆ ಕೊಕ್ಕೆಯ ಕೋಲಿಗೆ ಸಿಕ್ಕೀತು. ಅದೇ ಗೋಡೆಯ ಪಕ್ಕಕ್ಕಾದರೆ ಕೋಲು ಅತ್ತ ತಿರುಗುವುದಿಲ್ಲ, ಹೊರಗಿನವನ ಕಣ್ಣಿಗೂ ಬೀಳುವುದಿಲ್ಲ. ಕೀಲಿಗೆ ಅತ್ತೆ ಒಂದು ದಪ್ಪ ನೂಲಿನ ಕುಚ್ಚು ಕಟ್ಟಿದರು, ಕತ್ತಲಲ್ಲಿ ಕೈಗೆ ತಿಳಿಯಲೆಂದು. ಆ ರಾತ್ರಿ ಮತ್ತೆ ದೀಪ ಆರಿಸಿದೆವು. ಈ ಸಲ ಅವರು ಗೋಡೆ ಸವರುತ್ತಾ ಹೋಗಿ ಕೀಲಿ ಹಿಡಿದು, ನಾನು ಮನಸ್ಸಿನಲ್ಲೇ ಐವತ್ತು ಎಣಿಸುವುದರೊಳಗೆ ಗ್ರಿಲ್ಲು ತೆರೆದರು.